ಮಳೆಯಲ್ಲಿ ಮಕ್ಕಳ ಬಿಡಾರ

ಮಳೆಯ ವಿಷಯದಲ್ಲಿ ಲೋಕದಲ್ಲಿ ಎರಡು ಅಭಿಪ್ರಾಯಗಳುಂಟು. ಮನೆಯ ಹಜಾರದಲ್ಲಿ ಕುಳಿತು, ಬಿಸಿ ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು, ಕಿಟಕಿಯೊಳಗಿನಿಂದ ಅದನ್ನು ನೋಡುವವರದು ಒಂದು. ಹನ್ನೊಂದು ಹನ್ನೆರಡು ವರ್ಷದ ಮೂವತ್ತೆರಡು ಹುಡುಗರನ್ನು ಬಯಲಿನಲ್ಲಿ ನಿಲ್ಲಿಸಿಕೊಂಡು ಅದನ್ನು ನೆತ್ತಿಯ ಮೇಲೆ ತಾಳುವವರದು ಇನ್ನೊಂದು. ಮೊದಲನೆಯ ಅಭಿಪ್ರಾಯವನ್ನು ಕವಿಗಳು ಬೇಕಾದಷ್ಟು ಬರೆದಿಟ್ಟಿದ್ದಾರೆ. ಎರಡನೆಯದನ್ನು ಬರೆಯಬೇಕಾದವರು ಶಾಲೆಯ ಉಪಾಧ್ಯಾಯರು; ಅವರಿಗೆ ಉತ್ತರಪತ್ರಿಕೆಗಳನ್ನು ತಿದ್ದುವುದರಿಂದ ಬಿಡುವಾಗುವುದಿಲ್ಲ.

ಬೆಂಗಳೂರಿನ ಒಂದು ಶಾಲೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ಮೇಷ್ಟರೊಬ್ಬರು ಈ ಎರಡನೆಯ ಪಂಗಡಕ್ಕೆ ಸೇರಿದವರು. ಅವರು ಆ ಶಾಲೆಯ ಸ್ಕೌಟ್ ಮಾಸ್ಟರೂ ಹೌದು. ಸಂಬಳಕ್ಕೆ ಸೇರದ ಈ ಉದ್ಯೋಗವನ್ನು ಅವರ ತಲೆಗೆ ಯಾರೂ ಕಟ್ಟಿದ್ದಲ್ಲ, ತಾವಾಗಿಯೇ ಕಟ್ಟಿಕೊಂಡದ್ದು. 1907ರ ಆಗಸ್ಟ್ ತಿಂಗಳಿನಲ್ಲಿ ಬೇಡನ್ ಪೊವೆಲ್ ಎಂಬ ಸೇನಾಧಿಕಾರಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಹುಡುಗರೊಡನೆ ಡೇರೆ ಹಾಕಿ ಸ್ಕೌಟ್ ಚಳವಳಿಗೆ ನಾಂದಿ ಹಾಡಿದನೆಂಬುದನ್ನೂ, ನಮ್ಮ ದೇಶದಲ್ಲಿ 1950ರ ನವೆಂಬರ್ 7ರಂದು ಬೇರೆ ಬೇರೆ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಾಯಿತೆಂಬುದನ್ನೂ ಅವರು ಪ್ರತಿ ವರ್ಷ ಹೊಸ ಹುಡುಗರಿಗೆ ಹೇಳುವರು. ಹೇಳಿ ಮುಗಿಸಿದ ಮೇಲೆ, ‘ಆತನಿಗೆ ಇದ್ದವರು ಇಪ್ಪತ್ತೇ ಮಂದಿ’ ಎಂದು ಮೆಲ್ಲನೆ ನಿಟ್ಟುಸಿರು ಬಿಡುವುದೂ ಉಂಟು.

ದಸರೆಯ ರಜೆಯಲ್ಲಿ ಒಂದು ರಾತ್ರಿಯ ಶಿಬಿರವೆಂದು ಗೊತ್ತಾಯಿತು. ಸ್ಥಳ ದೇವರಾಯನದುರ್ಗದ ತಪ್ಪಲು. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು, ತುಮಕೂರಿಗೆ ಹತ್ತಿರ. ಮೇಲೆ ಯೋಗನರಸಿಂಹ, ಕೆಳಗೆ ಭೋಗನರಸಿಂಹ, ಸುತ್ತ ಕಾಡು, ಆಚೆಗೆ ನಾಮದ ಚಿಲುಮೆ. ಕಾಡಿನೊಳಗೆ ಡೇರೆ ಹಾಕುವುದಕ್ಕೆ ಅರಣ್ಯ ಇಲಾಖೆಯ ಅಪ್ಪಣೆ ಬೇಕಾದುದರಿಂದ, ಮೇಷ್ಟರು ಕಾಡಿನ ಅಂಚಿಗೆ ದೂರವಾಗಿದ್ದ ಪರಿಚಿತರೊಬ್ಬರ ಮಾವಿನ ತೋಪನ್ನು ಗೊತ್ತುಮಾಡಿದರು. ಹದಿನೈದು ದಿನ ಮುಂಚೆ ತಾವೊಬ್ಬರೇ ಬಸ್ಸು ಹತ್ತಿ ಹೋಗಿ ನೆಲವನ್ನೂ, ನೀರನ್ನೂ ನೋಡಿಬಂದರು. ತೋಪಿನಿಂದ ಇನ್ನೂರು ಮುನ್ನೂರು ಹೆಜ್ಜೆಯ ದೂರದಲ್ಲಿ ಊರಿನ ಪ್ರಾಥಮಿಕ ಶಾಲೆಯ ತಾರಸಿ ಕಟ್ಟಡವಿತ್ತು. ಅಲ್ಲಿಯ ಮುಖ್ಯೋಪಾಧ್ಯಾಯಿನಿಯವರನ್ನು ಕಂಡು, ‘ಬೇಕಾಗಲಾರದು, ಆದರೂ ಇರಲಿ’ ಎಂದು ಆ ರಾತ್ರಿಯ ಮಟ್ಟಿಗೆ ಬೀಗದ ಕೈಯನ್ನು ಕೇಳಿ ಒಪ್ಪಿಸಿ ಬಂದರು. ಈ ಸಂಗತಿಯನ್ನು ಅವರು ಹುಡುಗರಿಗೆ ತಿಳಿಸಲಿಲ್ಲ. ಡೇರೆಗೆ ಹೋಗುವ ಹುಡುಗನಿಗೆ ತಾರಸಿಯ ಆಸೆ ತೋರಿಸಬಾರದೆಂಬುದು ಅವರ ಅಭಿಮತ.

ಹೊರಡುವ ದಿನ ಬೆಳಿಗ್ಗೆ ಶಾಲೆಯ ಬಾಗಿಲಿನಲ್ಲಿ ಒಂದು ಸಣ್ಣ ಜಾತ್ರೆಯೇ ನೆರೆದಿತ್ತು. ಸುತ್ತೋಲೆಯಲ್ಲಿ ತಿಳಿಸಿದ್ದುದು ಮಳೆಕೋಟು, ಟಾರ್ಚು, ತಟ್ಟೆ ಲೋಟ, ಎರಡು ಜೊತೆ ಬಟ್ಟೆ, ಒಂದು ಹಾಸುವುದು, ಒಂದು ಹೊದೆಯುವುದು ಮಾತ್ರ. ತಾಯಂದಿರು ಅದಕ್ಕೆ ಚಕ್ಕುಲಿ, ಕೋಡುಬಳೆ, ರವೆ ಉಂಡೆ, ನೋವಿನ ಮುಲಾಮು, ಉಣ್ಣೆಯ ಟೋಪಿ ಮೊದಲಾದುವನ್ನು ಅಧ್ಯಾಹಾರ ಮಾಡಿಕೊಂಡಿದ್ದರು. ಒಬ್ಬ ಹುಡುಗನ ಅಜ್ಜಿ ದೃಷ್ಟಿ ತೆಗೆದು ಕಳುಹಿಸಿದುದರಿಂದ ಅವನ ಕೆನ್ನೆಯ ಮೇಲೆ ಕಾಡಿಗೆಯ ಬೊಟ್ಟಿತ್ತು. ಬಸ್ಸಿನೊಳಗೆ ಹೋದ ಕೂಡಲೇ ಅವನು ಅದನ್ನು ಅಂಗಿಯ ತೋಳಿನಿಂದ ಒರೆಸಿಕೊಂಡನು.

ಗದ್ದಲವೆಲ್ಲ ಅಡಗುತ್ತಿದ್ದಾಗ ಒಬ್ಬ ತಾಯಿ ಮೇಷ್ಟರನ್ನು ಬಸ್ಸಿನ ಹಿಂಬದಿಗೆ ಕರೆದರು. ಹೇಳಬೇಕಾದುದನ್ನು ಹೇಳಲು ಅವರಿಗೆ ಬಹಳ ಸಂಕೋಚವಾಗುತ್ತಿತ್ತು.

“ಸಾರ್, ನನ್ನ ಮಗನಿಗೆ ರಾತ್ರಿ ಹೊತ್ತು… ಹಾಸಿಗೆಯಲ್ಲಿ… ಇನ್ನೂ ನಿಂತಿಲ್ಲ. ವಾರಕ್ಕೆ ಎರಡು ಮೂರು ಸಲ ಆಗುತ್ತೆ. ಅವರಪ್ಪ ಕಳಿಸೋದೇ ಬೇಡ ಅಂದರು. ಇವನು ಹೋಗೇ ಹೋಗ್ತೀನಿ ಅಂತ ಊಟ ಬಿಟ್ಟ. ಚೀಲದ ತಳದಲ್ಲಿ ರಬ್ಬರ್ ಶೀಟು ಇಟ್ಟಿದೀನಿ. ಬೇರೆ ಹುಡುಗರಿಗೆ ಗೊತ್ತಾದರೆ ಅವನು ನಾಳೆಯಿಂದ ಸ್ಕೂಲಿಗೇ ಬರೋದಿಲ್ಲ ಸಾರ್.”

“ಹನ್ನೊಂದು ಗಂಟೆಗೊಮ್ಮೆ, ಮೂರು ಗಂಟೆಗೊಮ್ಮೆ ನಾನೇ ಎಬ್ಬಿಸ್ತೀನಿ, ತಾಯಿ. ನನ್ನ ಹೊರತು ಯಾರಿಗೂ ಗೊತ್ತಾಗೋದಿಲ್ಲ” ಎಂದರು ಮೇಷ್ಟರು.

ಇದು ಸೋಮಾರಿತನವೂ ಅಲ್ಲ, ಹಟವೂ ಅಲ್ಲ ಎಂದು ವೈದ್ಯರು ಹೇಳುತ್ತಾರೆ. ಹತ್ತು ವರ್ಷದ ಮಕ್ಕಳಲ್ಲಿ ಸುಮಾರು ನೂರಕ್ಕೆ 5 ಮಂದಿಗೆ ಈ ತೊಂದರೆ ಇರುವುದುಂಟು. ಹೆಚ್ಚಿನವರಿಗೆ ವಯಸ್ಸಿನೊಡನೆ ತಾನಾಗಿಯೇ ಹೋಗುವುದು. ಬೈದರೆ ಹೆಚ್ಚುವುದಲ್ಲದೆ ತಗ್ಗುವುದಿಲ್ಲ. ಆದರೆ ಹನ್ನೊಂದು ವರ್ಷದ ಹುಡುಗನಿಗೆ ಈ ಲೆಕ್ಕದಿಂದ ಯಾವ ಸಮಾಧಾನವೂ ಇಲ್ಲ. ತನ್ನ ತರಗತಿಯಲ್ಲಿ ತಾನೊಬ್ಬನೇ ಎಂದು ಅವನು ನಂಬಿರುತ್ತಾನೆ.

ತೋಪನ್ನು ಸೇರಿದಾಗ ಮಧ್ಯಾಹ್ನ ಮೂರು ಗಂಟೆ. ಬಿಸಿಲು ಚುರುಕಾಗಿತ್ತು. ತೋಪಿನ ಕಾವಲಿನ ಅಜ್ಜ ಮಾತ್ರ ಪೂರ್ವದ ಕಡೆಗೆ ಕೈಮರೆ ಮಾಡಿ ನೋಡಿ, “ಚಿತ್ತೆ ಮಳೆ ಸ್ವಾಮೀ. ಕುರುಡು ಚಿತ್ತೆ ಅಂತಾರೆ. ಎಲ್ಲಿಗೆ ಬರ್ತದೋ ಅದಕ್ಕೇ ಗೊತ್ತಿಲ್ಲ” ಎಂದನು. ಡ್ರಿಲ್ ಮೇಷ್ಟರು ತರುಣರು, ನಕ್ಕುಬಿಟ್ಟರು. ಅವರ ಮೊಬೈಲಿನಲ್ಲಿ ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯವರು ಸಿಡಿಲಿನ ಮುನ್ಸೂಚನೆಗಾಗಿ ರೂಪಿಸಿದ ‘ದಾಮಿನಿ’ ಇತ್ತು. ಆದರೆ ತೋಪಿನೊಳಗೆ ಕಾಲಿಟ್ಟೊಡನೆ ಮೊಬೈಲಿಗೆ ಸಂಪರ್ಕ ತಪ್ಪಿ, ದಾಮಿನಿಯು ಮೌನವ್ರತವನ್ನು ಧರಿಸಿದ್ದಳು.

ಡೇರೆ ಹಾಕುವುದರಲ್ಲೇ ಮೊದಲನೆಯ ವಾಗ್ವಾದವಾಯಿತು. ತೋಪಿನ ಪಕ್ಕದಲ್ಲಿ ಒಣಗಿದ ಹಳ್ಳ. ಅದರ ಅಂಚಿನಲ್ಲಿ ಹಾಸಿಗೆ ಹಾಸಿದಂತಹ ಮರಳು. ಹುಡುಗರೆಲ್ಲರ ಕಣ್ಣೂ ಅದರ ಮೇಲೆಯೇ.

“ಇಲ್ಲಿ ನೀರೇ ಇಲ್ಲವಲ್ಲ ಸಾರ್!”

“ಇಲ್ಲದಿದ್ದರೆ ಈ ಮರಳನ್ನು ತಂದು ಹಾಕಿದವರು ಯಾರಪ್ಪ?” ಎಂದರು ಮೇಷ್ಟರು. ಹುಡುಗರು ನಿರುತ್ತರರಾದರು, ಒಪ್ಪಿದರೆಂದು ಅದರ ಅರ್ಥವಲ್ಲ. ಮರದ ಕೆಳಗೂ ಬೇಡವೆಂದಾಯಿತು. ಒಣಗಿದ ಕೊಂಬೆ ಗಾಳಿಗೆ ಮುರಿದು ಬೀಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕೊನೆಗೆ ತೋಪಿನ ನಡುವಣ ದಿಬ್ಬದಲ್ಲಿ, ಕಲ್ಲುನೆಲದಲ್ಲಿ, ಗೊಣಗುತ್ತ ಗೂಟ ಹೊಡೆದು ನಾಲ್ಕು ಡೇರೆಗಳನ್ನು ಎತ್ತಿದರು. ಶಾಲೆಯ ಡೇರೆಗಳು ಹಳೆಯ ಕಾಲದ ದಪ್ಪ ಕ್ಯಾನ್‌ವಾಸಿನವು. “ಮಳೆ ಬಂದಾಗ ಒಳಗಿನಿಂದ ಬಟ್ಟೆಯನ್ನು ಮುಟ್ಟಬೇಡಿ, ಮುಟ್ಟಿದ ಕಡೆಯೇ ಸೋರುವುದಕ್ಕೆ ಮೊದಲಾಗುತ್ತದೆ. ನೂಲಿನ ಹಗ್ಗ ನೆನೆದರೆ ಬಿಗಿಯುತ್ತದೆ, ಸ್ವಲ್ಪ ಸಡಿಲ ಬಿಡಿ, ಇಲ್ಲದಿದ್ದರೆ ಗೂಟ ಕಿತ್ತು ಬರುತ್ತದೆ” ಎಂದು ಮೇಷ್ಟರು ಒಂದೊಂದು ಡೇರೆಗೂ ಹೋಗಿ ಹೇಳಿದರು. ಮುಟ್ಟಬೇಡಿ ಎಂದ ಮೇಲೆ ಮುಟ್ಟದಿರುವುದು ಹುಡುಗರ ಜಾತಕದಲ್ಲಿ ಬರೆದಿಲ್ಲ. ಮಳೆ ಬಂದ ಹತ್ತೇ ನಿಮಿಷದಲ್ಲಿ ಮೂರನೆಯ ಡೇರೆಯೊಳಗೆ ಬೆರಳುಗಳ ಲೆಕ್ಕಕ್ಕೆ ಸರಿಯಾಗಿ ಐದು ಧಾರೆಗಳು ಇಳಿಯುತ್ತಿದ್ದುವು.

ಸಂಜೆ ಬೆಟ್ಟದ ಕಡೆಗೆ ಮುಖಮಾಡಿ ಕೂಡಿಸಿ ಮೇಷ್ಟರು ನೀರಿನ ಪಾಠ ಹೇಳಿದರು. ಸುಮಾರು 3,900 ಅಡಿ ಎತ್ತರದ ಈ ಬೆಟ್ಟಗಳಲ್ಲಿ ಎರಡು ನದಿಗಳು ಹುಟ್ಟುತ್ತವೆ. ಜಯಮಂಗಲಿಯು ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ಶಿಂಷೆಯು ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಕೂಡುತ್ತಾಳೆ. ಒಂದೇ ಮೋಡದ ಎರಡು ಹನಿಗಳು ಬೆಟ್ಟದ ಈ ಮಗ್ಗುಲಿಗೆ ಒಂದು, ಆ ಮಗ್ಗುಲಿಗೆ ಒಂದು ಬಿದ್ದರೆ, ಅವುಗಳು ಮತ್ತೆ ಒಂದುಗೂಡುವುದು ಸಮುದ್ರದಲ್ಲಿಯೇ. ಹುಡುಗರು ಬಾಯಿ ತೆರೆದು ಕೇಳಿದರು. ಆ ತಾಯಿಯ ಮಗನು ಮಾತ್ರ ಮೊಣಕಾಲುಗಳನ್ನು ಅಪ್ಪಿಕೊಂಡು ಮೋಡವನ್ನೇ ನೋಡುತ್ತಿದ್ದನು. ಊಟದ ಹೊತ್ತಿಗೆ ಅವನು ಒಂದು ಗುಟುಕು ನೀರನ್ನೂ ಕುಡಿಯಲೊಲ್ಲನೆಂಬುದನ್ನು ಮೇಷ್ಟರು ಕಂಡರು, ಕಂಡೂ ಕಾಣದಂತಿದ್ದರು.

ಏಳು ಗಂಟೆಗೆ ಮೊದಲ ಹನಿ ಬಿದ್ದಿತು. ಒಲೆಯ ಮೇಲೆ ಅನ್ನವಾಗಿತ್ತು, ಹುಳಿ ಕುದಿಯುತ್ತಿತ್ತು. ಮೇಲೆ ಕಟ್ಟಿದ್ದ ಟಾರ್ಪಾಲಿನ ಹೊಟ್ಟೆಯಲ್ಲಿ ನೀರು ತುಂಬಿ, ಯಾರೋ ಬುದ್ಧಿವಂತನು ಅದನ್ನು ಕೋಲಿನಿಂದ ಮೇಲಕ್ಕೆ ತಿವಿದುದರಿಂದ, ಅಷ್ಟೂ ನೀರು ಕೊಳದಪ್ಪಲೆಗೇ ಬಂದು ಸೇರಿತು. ಹುಳಿಯು ಸಾರಾಯಿತು, ಸಾರು ತಿಳಿನೀರಾಯಿತು. ಅಡುಗೆಯವರು ಸೌಟನ್ನು ಎತ್ತಿ ಹಣೆಗೆ ಬಡಿದುಕೊಂಡರು. ಹುಡುಗರಿಗೆ ಇದಕ್ಕಿಂತ ದೊಡ್ಡ ನಾಟಕ ಬೇಕಿರಲಿಲ್ಲ.

ಅವರು ನಗುತ್ತಿರುವಾಗ ಮೇಷ್ಟರು ಮನಸ್ಸಿನಲ್ಲಿಯೇ ಎಣಿಸುತ್ತಿದ್ದರು. ಬೆಟ್ಟದ ಆಚೆ ಮಿಂಚಿತು. ಒಂದು, ಎರಡು, ಮೂರು… ನಲವತ್ತೆರಡಕ್ಕೆ ಗುಡುಗು ಕೇಳಿಸಿತು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಎಂದರೆ ಮೂರು ಎಣಿಕೆಗೆ ಒಂದು ಕಿಲೋಮೀಟರು. ಎಣಿಕೆ ಮೂವತ್ತಕ್ಕೆ ಇಳಿದರೆ ಸಿಡಿಲು 10 ಕಿಲೋಮೀಟರಿನೊಳಗೆ ಬಂದಂತೆ; ಆಗ ಭದ್ರವಾದ ಕಟ್ಟಡದೊಳಗೆ ಸೇರಬೇಕು; ಕಡೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಗೆ ಬರಬಾರದು. ಡೇರೆಯು ಮಳೆಗೆ ಮರೆಯೇ ಹೊರತು ಸಿಡಿಲಿಗಲ್ಲ. ಸಿಡಿಲಿನಿಂದ ನಮ್ಮ ದೇಶದಲ್ಲಿ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಾಯುತ್ತಿರುವರೆಂಬುದು ಸರ್ಕಾರದ ದಾಖಲೆಗಳಲ್ಲಿರುವ ಲೆಕ್ಕ. ಅವರಲ್ಲಿ ಮರದ ಕೆಳಗೆ ಆಶ್ರಯ ಪಡೆದವರು ಎಷ್ಟೋ ಮಂದಿ.

ಮತ್ತೆ ಮಿಂಚಿತು. ಮೂವತ್ತಾರು. ಹುಡುಗರು ತಟ್ಟೆಯನ್ನು ತಲೆಯ ಮೇಲೆ ಹಿಡಿದು ಕುಣಿಯುತ್ತಿದ್ದರು. ಮತ್ತೊಮ್ಮೆ. ಇಪ್ಪತ್ತೆಂಟು.

ಮೇಷ್ಟರು ಸೀಟಿ ಊದಿದರು.

“ಎಲ್ಲರೂ ಮಳೆಕೋಟು ಹಾಕಿಕೊಳ್ಳಿ. ಟಾರ್ಚು ಹಿಡಿಯಿರಿ. ಚೀಲಗಳನ್ನು ಮುಟ್ಟಬೇಡಿ, ಅವನ್ನು ಆಮೇಲೆ ನಾವು ತರುತ್ತೇವೆ. ಇಬ್ಬಿಬ್ಬರಾಗಿ ಕೈಹಿಡಿದು ಊರಿನ ಸ್ಕೂಲಿಗೆ ನಡೆಯಿರಿ.”

ಹುಡುಗರ ಮುಖಗಳು ಬಾಡಿದುವು. ತಮ್ಮ ಕೈಯಾರೆ ಎತ್ತಿದ ಡೇರೆ! ಒಬ್ಬ ತಂಡದ ನಾಯಕನ ಗಂಟಲು ಕಟ್ಟಿತು. “ನಾವು ಹೆದರೋದಿಲ್ಲ ಸಾರ್. ಇಲ್ಲೇ ಇರ್ತೀವಿ ಸಾರ್” ಎಂದನು. ಮೇಷ್ಟರಿಗೂ ಒಂದು ಕ್ಷಣ ಮನಸ್ಸು ಹಿಂದೆಗೆಯಿತು. ‘ಮಳೆಗೆ ಹೆದರುವವನು ಸ್ಕೌಟ್ ಅಲ್ಲ’ ಎಂದು ತರಗತಿಯಲ್ಲಿ ಮೇಜು ಕುಟ್ಟಿ ಹೇಳಿದವರು ಅವರೇ ತಾನೆ?

“ನೀನು ಹೆದರುವುದಿಲ್ಲ ಕಣಪ್ಪ. ಹೆದರುವವನು ನಾನು. ನಡೆ” ಎಂದರು.

ಡ್ರಿಲ್ ಮೇಷ್ಟರು ಮುಂದೆ, ಹುಡುಗರು ನಡುವೆ, ಮೇಷ್ಟರು ಕೊನೆಗೆ. ಅನ್ನದ ಪಾತ್ರೆಯನ್ನು ಅಡುಗೆಯವರೂ ಕಾವಲಿನ ಅಜ್ಜನೂ ಹೊತ್ತರು. ಕೆಸರಿನಲ್ಲಿ ಅಜ್ಜನ ಕಾಲು ಜಾರಿದಾಗ ಮೇಷ್ಟರು ಹತ್ತು ಹೆಜ್ಜೆ ಅದಕ್ಕೆ ಕೈಗೊಟ್ಟರು. ಆ ಹತ್ತು ಹೆಜ್ಜೆ ಅವರ ಕಣ್ಣು ಹುಡುಗರ ಮೇಲಿರಲಿಲ್ಲ.

ಶಾಲೆಯ ಬೀಗ ತೆಗೆದು ಒಳಗೆ ಸೇರಿದ ಮೇಲೆ ಮೇಷ್ಟರು ಮೊಬೈಲನ್ನು ನೋಡಿದರು. ಊರಿನೊಳಗೆ ಸಂಪರ್ಕವಿತ್ತು. ವಾಟ್ಸಾಪ್ ಗುಂಪಿನಲ್ಲಿ ತಾಯಂದಿರ ಪ್ರಶ್ನೆಗಳು ಸಾಲುಗಟ್ಟಿ ನಿಂತಿದ್ದುವು: ‘ಇಲ್ಲಿ ಜೋರು ಮಳೆ, ಅಲ್ಲಿ ಹೇಗೆ ಸಾರ್?’ ‘ಟೋಪಿ ಹಾಕಿಕೊಂಡಿದ್ದಾನಾ ಸಾರ್?’ ಮೇಷ್ಟರು ‘ಮಕ್ಕಳೆಲ್ಲರೂ ಕ್ಷೇಮ’ ಎಂದು ಬರೆಯತೊಡಗಿ, ‘ಮಕ್ಕಳೆಲ್ಲರೂ’ ಎಂಬಲ್ಲಿಗೆ ನಿಲ್ಲಿಸಿ, ತಲೆಗಳನ್ನು ಎಣಿಸಿದರು.

ಮೂವತ್ತೊಂದು.

ಮತ್ತೊಮ್ಮೆ ಎಣಿಸಿದರು. ಗೋಡೆಗೆ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬನ ಭುಜವನ್ನು ಮುಟ್ಟಿ ಎಣಿಸಿದರು. ಮೂವತ್ತೊಂದೇ. ಲೆಕ್ಕದ ಪುಸ್ತಕದಲ್ಲಿ ಮೂವತ್ತೊಂದಕ್ಕೂ ಮೂವತ್ತೆರಡಕ್ಕೂ ವ್ಯತ್ಯಾಸ ಒಂದು. ಮಕ್ಕಳನ್ನು ಎಣಿಸುವವನಿಗೆ ಆ ಒಂದರ ಮುಂದೆ ಉಳಿದ ಮೂವತ್ತೊಂದು ಕಣ್ಣಿಗೇ ಬೀಳುವುದಿಲ್ಲ.

“ನಿನ್ನ ಜೊತೆಯವನೆಲ್ಲಿ?” ಎಂದು ಒಬ್ಬನನ್ನು ಕೇಳಿದರು.

“ಕೈ ಬಿಡಿಸಿಕೊಂಡ ಸಾರ್. ಮುಂದೆ ಹೋದ ಅಂದ್ಕೊಂಡೆ” ಎಂದು ಆ ಹುಡುಗ ಅಳುವುದಕ್ಕೆ ಮೊದಲಿಟ್ಟನು.

ಇಬ್ಬರೂ ಹುಡುಕಲು ಹೋದರೆ ಇಲ್ಲಿರುವವರಿಗೆ ಯಾರೂ ಇಲ್ಲದಂತಾಗುವುದು. “ನೀವು ಬಾಗಿಲಲ್ಲೇ ನಿಲ್ಲಿ, ಒಬ್ಬನನ್ನೂ ಹೊರಗೆ ಬಿಡಬೇಡಿ” ಎಂದು ಡ್ರಿಲ್ ಮೇಷ್ಟರಿಗೆ ಹೇಳಿ, ಐವತ್ತು ದಾಟಿದ ಆ ಮೇಷ್ಟರು ಮಳೆಯೊಳಕ್ಕೆ ಓಡಿದರು. ಯಾರೂ ಹೊರಗಿರಬಾರದೆಂದು ತಾವೇ ವಿಧಿಸಿದ ಹೊತ್ತು ಅದು. ಮಿಂಚಿತು, ಒಂಬತ್ತಕ್ಕೆ ಗುಡುಗಿತು. ಹಳ್ಳದ ಕಡೆಯಿಂದ, ಮಧ್ಯಾಹ್ನ ಇಲ್ಲದಿದ್ದ ಒಂದು ಮೊರೆತ ಕೇಳಿಬರುತ್ತಿತ್ತು. ಆ ಮೊರೆತವನ್ನು ಕೇಳಿದಾಗ ಅವರ ಕಾಲುಗಳಲ್ಲಿ ಬಲವೇ ಉಳಿಯಲಿಲ್ಲ.

ಎರಡನೆಯ ಡೇರೆಯೊಳಗೆ ಟಾರ್ಚಿನ ಬೆಳಕು ಆಡುತ್ತಿತ್ತು. ಮೂವತ್ತೆರಡನೆಯವನು ಅಲ್ಲಿದ್ದನು. ಮೊಣಕಾಲೂರಿ, ಚೀಲಗಳ ರಾಶಿಯಿಂದ ತನ್ನದನ್ನು ಎಳೆದು, ಎದೆಗೆ ಅವಚಿಕೊಂಡಿದ್ದನು.

ಭಯವು ಕಳೆದ ಕೂಡಲೇ ಅದರ ಸ್ಥಾನಕ್ಕೆ ಬಂದು ಕುಳಿತುಕೊಳ್ಳುವುದು ಕೋಪ. ಮೇಷ್ಟರ ಕೈ ತಾನಾಗಿಯೇ ಮೇಲೆದ್ದಿತು. ಹುಡುಗನು ಮುಖವನ್ನು ಚೀಲದಲ್ಲಿ ಹುದುಗಿಸಿ, “ಬೇರೆಯವರು ತಂದರೆ… ಬಿಚ್ಚಿಬಿಟ್ಟರೆ… ಸಾರ್” ಎಂದು ತೊದಲಿದನು. ಚೀಲದ ಬಾಯಿಯಿಂದ ಕೆಂಪು ರಬ್ಬರ್ ಶೀಟಿನ ಒಂದು ಅಂಚು ಹೊರಗೆ ಕಾಣುತ್ತಿತ್ತು.

ಎತ್ತಿದ ಕೈ ಕೆಳಗಿಳಿಯಿತು. ನೆಲವನ್ನು ಪರೀಕ್ಷಿಸಿದ್ದರು, ಹಳ್ಳವನ್ನು ಶಂಕಿಸಿದ್ದರು, ಬೀಗದ ಕೈ ತಂದಿದ್ದರು, ಗುಡುಗನ್ನು ಎಣಿಸಿದ್ದರು. ‘ಚೀಲಗಳನ್ನು ನಾವು ತರುತ್ತೇವೆ’ ಎಂದು ಕೂಗಿದಾಗ, ಬೆಳಿಗ್ಗೆ ಬಸ್ಸಿನ ಹಿಂದೆ ನಿಂತು ಒಬ್ಬ ತಾಯಿ ಹೇಳಿದ ಒಂದೇ ಒಂದು ಮಾತನ್ನು ಮರೆತಿದ್ದರು. ಸಿಡಿಲಿಗಿಂತ ದೊಡ್ಡ ಭಯವೊಂದು ಈ ಹುಡುಗನಿಗುಂಟೆಂದು ಆ ಗಳಿಗೆಯಲ್ಲಿ ನೆನಪಿರಬೇಕಾದವರು ಅವರೊಬ್ಬರೇ.

“ಚೀಲ ನನಗೆ ಕೊಡು ಮಗು. ಕೈ ಹಿಡಿದುಕೋ” ಎಂದರು. ಬೇರೆ ಮಾತಾಡಲಿಲ್ಲ.

ಶಾಲೆಯ ಬಾಗಿಲಿನಲ್ಲಿ ಡ್ರಿಲ್ ಮೇಷ್ಟರು, “ಎಲ್ಲಿ ಹೋಗಿದ್ದೆಯೋ?” ಎಂದು ಗದರಿಸಲು ಬಾಯಿ ತೆರೆದರು. ಮೇಷ್ಟರು ಅವರ ತೋಳು ಮುಟ್ಟಿ, “ಲೆಕ್ಕ ಸರಿಹೋಯಿತು. ಊಟ ಬಡಿಸೋಣ” ಎಂದರು. ಆಮೇಲೆ ಗೋಡೆಯ ಕಡೆಗೆ ತಿರುಗಿ ನಿಂತು, ಒದ್ದೆ ಬೆರಳುಗಳಿಂದ, ನಿಲ್ಲಿಸಿದ್ದ ವಾಕ್ಯವನ್ನು ಪೂರ್ಣ ಮಾಡಿ ಕಳುಹಿಸಿದರು.

ಅನ್ನವಿತ್ತು, ತಿಳಿನೀರಾದ ಹುಳಿಯಿತ್ತು, ನಂಚಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಚಕ್ಕುಲಿ ಉಂಡೆಗಳೆಲ್ಲ ಡೇರೆಯ ಚೀಲಗಳಲ್ಲಿ. ಅಲ್ಲಿದ್ದುದು ಒಂದೇ ಚೀಲ. ಮೇಷ್ಟರು ಬಾಗಿ, ಆ ಹುಡುಗನ ಕಿವಿಯಲ್ಲಿ ಏನೋ ಕೇಳಿದರು. ಅವನು ತಲೆಯಾಡಿಸಿದನು. ಮೇಷ್ಟರು ತಾವೇ ಚೀಲದ ಬಾಯನ್ನು ಅಷ್ಟೇ ತೆರೆದು, ಮೇಲಿದ್ದ ಡಬ್ಬಿಯನ್ನು ಈಚೆಗೆ ತೆಗೆದು, ಮತ್ತೆ ಬಿಗಿಯಾಗಿ ಕಟ್ಟಿದರು. ಡಬ್ಬಿಯ ತುಂಬ ಕೋಡುಬಳೆ.

“ಹಂಚಪ್ಪ” ಎಂದರು.

ಮೂವತ್ತೊಂದು ಕೈಗಳು ಏಕಕಾಲಕ್ಕೆ ಚಾಚಿಕೊಂಡುವು. “ಅದಕ್ಕೇ ಏನೋ ವಾಪಸ್ಸು ಹೋಗಿದ್ದು?” ಎಂದು ಒಬ್ಬನು ಆಶ್ಚರ್ಯದಿಂದ ಕೇಳಿದನು. ಹುಡುಗನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಒಂದೊಂದು ತಟ್ಟೆಗೂ ಒಂದೊಂದು ಕೋಡುಬಳೆಯನ್ನು ಬಹು ಗಂಭೀರವಾಗಿ ಹಾಕುತ್ತ ಹೋದನು. ಹಾಕಿ ಮುಗಿಸಿ ಬಂದು ಕುಳಿತವನು, ಆ ದಿನ ಸಂಜೆಯಿಂದ ಮೊದಲ ಬಾರಿಗೆ, ಒಂದು ಲೋಟ ನೀರು ಕುಡಿದನು.

ಕಡೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಮೇಷ್ಟರಿಬ್ಬರೂ ಅಜ್ಜನೂ ಜಿನುಗುಮಳೆಯಲ್ಲಿ ನಾಲ್ಕು ಸಲ ಓಡಾಡಿ ಚೀಲಗಳನ್ನು ತಂದರು. ಹಾಸುವುದು ಹೊದೆಯುವುದು ಎಲ್ಲವೂ ಅರೆ ಒದ್ದೆ. ಒಣಬಟ್ಟೆ ಉಟ್ಟು ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗಿರೆಂದು ಮೇಷ್ಟರು ವಿಧಿಸಿದರು. ಒದ್ದೆ ಬಟ್ಟೆ ಮೈಯ ಕಾವನ್ನು ಬಹು ಬೇಗ ಕದಿಯುತ್ತದೆ. ಆ ಹುಡುಗನ ಹಾಸಿಗೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ, ತಮ್ಮ ಪಕ್ಕದಲ್ಲಿ, ತಾವೇ ಹಾಸಿದರು. ಹನ್ನೊಂದು ಗಂಟೆಗೆ ಅವನನ್ನು ಎಬ್ಬಿಸಬೇಕಾದಾಗ, ಅವನೊಬ್ಬನೇ ಎದ್ದರೆ ಸಂದೇಹ ಬರಬಹುದೆಂದು ಆ ಸಾಲಿನ ಎಂಟು ಮಂದಿಯನ್ನೂ ಎಬ್ಬಿಸಿದರು. ಎಂಟು ಮಂದಿಯೂ ಕಣ್ಣು ಮುಚ್ಚಿಕೊಂಡೇ ಹೋಗಿ ಬಂದು ಬಿದ್ದುಕೊಂಡರು.

ಮೂರು ಗಂಟೆಗೆ ಮತ್ತೆ ಎಬ್ಬಿಸಬೇಕಾಗಿತ್ತು. ಎರಡೂವರೆಯವರೆಗೂ ಗೋಡೆಗೊರಗಿ ಎಚ್ಚರವಾಗಿದ್ದ ಮೇಷ್ಟರಿಗೆ ಯಾವಾಗ ಕಣ್ಣು ಹತ್ತಿತೋ ತಿಳಿಯದು. ಎಚ್ಚರವಾದಾಗ ಕಿಟಕಿಯಲ್ಲಿ ಬೂದು ಬೆಳಕು, ಐದು ಗಂಟೆ. ಪಕ್ಕದಲ್ಲಿ ಹುಡುಗನು ಎದ್ದು ಕುಳಿತಿದ್ದನು. ಅವನ ಮುಖವನ್ನು ನೋಡಿದ ಮೇಲೆ ಏನನ್ನೂ ಕೇಳಬೇಕಾಗಿರಲಿಲ್ಲ.

ಮಾತು ಕೊಟ್ಟು ನಿದ್ರಿಸಿದವರು ತಾವು. ಮೇಷ್ಟರು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಎದ್ದು, ಸೀಟಿಯನ್ನು ಬಾಯಿಗಿಟ್ಟು, ಊರಿಗೆಲ್ಲ ಕೇಳುವಂತೆ ಊದಿದರು.

“ಏಳಿ, ಏಳಿ! ನಿಮ್ಮ ಹಾಸಿಗೆ ಹೊದಿಕೆಗಳನ್ನು ನೋಡಿ! ಕೆಸರು, ನೀರು, ವಾಸನೆ! ಹೀಗೇ ಮನೆಗೆ ತೆಗೆದುಕೊಂಡು ಹೋದರೆ ನಿಮ್ಮ ತಾಯಂದಿರು ನನ್ನನ್ನು ಬಿಡುತ್ತಾರೆಯೆ? ಎಲ್ಲರೂ, ಒಬ್ಬರೂ ತಪ್ಪದೆ, ನಲ್ಲಿಯ ಹತ್ತಿರ ಹೋಗಿ ಹಿಂಡಿ ತನ್ನಿ!”

ಇದು ಯಾವ ಕೈಪಿಡಿಯಲ್ಲೂ ಇಲ್ಲದ ಶಿಸ್ತು. ಮೂವತ್ತೆರಡು ಹುಡುಗರು ತಂತಮ್ಮ ಬಟ್ಟೆಯ ಮುದ್ದೆಗಳನ್ನು ಹೊತ್ತು ಓಡಿದರು, ಸಾಲುಗಟ್ಟಿ ಜಾಲಾಡಿದರು, ಇಬ್ಬಿಬ್ಬರಾಗಿ ತಿರುಚಿ ಹಿಂಡಿದರು, ಒಬ್ಬರ ಮೇಲೊಬ್ಬರು ನೀರೆರಚಿ ರಾತ್ರಿಯ ಮಳೆಯ ಬಾಕಿಯನ್ನು ತೀರಿಸಿದರು. ಡೇರೆಯ ಹಗ್ಗಗಳನ್ನು ಬಿಚ್ಚಿ ಮಾವಿನ ಮರದಿಂದ ಮರಕ್ಕೆ ಕಟ್ಟಿದ್ದಾಯಿತು. ಎಳೆಬಿಸಿಲಿನಲ್ಲಿ ಅರವತ್ತನಾಲ್ಕು ಬಟ್ಟೆಗಳು ತೂಗಾಡಿದುವು. ಅವುಗಳಲ್ಲಿ ಯಾವುದು ಮಳೆಯಿಂದ ನೆನೆದದ್ದು, ಯಾವುದು ಅಲ್ಲ ಎಂಬುದನ್ನು ಆ ನರಸಿಂಹಸ್ವಾಮಿಯೇ ಬಲ್ಲ.

ಹಳ್ಳದ ಅಂಚಿಗೆ ಹೋದ ಹುಡುಗರು ಮಾತ್ರ ಅಲ್ಲಿ ಸ್ವಲ್ಪ ಹೊತ್ತು ಮಾತಿಲ್ಲದೆ ನಿಂತರು. ನಿನ್ನೆ ಅವರು ಆರಿಸಿದ್ದ ಮರಳಿನ ಮೇಲೆ ಮೊಣಕಾಲುದ್ದ ಕೆಂಪುನೀರು ಹರಿಯುತ್ತಿತ್ತು. ಒಬ್ಬನು ತಿರುಗಿ ಮೇಷ್ಟರ ಕಡೆ ನೋಡಿದನು. ಮೇಷ್ಟರು ಡೇರೆ ಮಡಚುವುದರಲ್ಲಿ ನಿರತರಾಗಿದ್ದರು.

ಹೊರಡುವ ಮುಂಚೆ ಅವರು ಆ ಹುಡುಗನೊಬ್ಬನನ್ನೇ ಕರೆದು, “ನಿನ್ನೆ ಕೈ ಬಿಡಿಸಿಕೊಂಡು ಹೋದದ್ದು ತಪ್ಪು. ನನ್ನದೂ ಎರಡು ತಪ್ಪುಗಳಿವೆ; ಅವು ನಿನಗೆ ಗೊತ್ತು. ಇನ್ನು ಮುಂದೆ ಏನಿದ್ದರೂ ನನ್ನ ಹತ್ತಿರ ಬಂದು ಹೇಳು. ಹೇಳುವುದಕ್ಕೆ ನಾಚಿಕೆಯಾದರೆ ‘ಕೋಡುಬಳೆ’ ಅನ್ನು ಸಾಕು; ತಿಳಿದುಕೊಳ್ಳುತ್ತೇನೆ” ಎಂದರು. ಹುಡುಗನ ಮುಖದಲ್ಲಿ ನಗು ಮೂಡಿತು.

ಸಂಜೆ ಶಾಲೆಯ ಮುಂದೆ ಬಸ್ಸು ನಿಂತಾಗ ಆ ತಾಯಿ ಎಲ್ಲರಿಗಿಂತ ಹಿಂದೆ, ಬೇವಿನ ಮರದ ಕೆಳಗೆ ನಿಂತಿದ್ದರು. ಮಗನು ಹೆಗಲಿಗೆ ಹೆಗಲು ಹಾಕಿಕೊಂಡು ಮೂರು ಮಂದಿಯ ನಡುವೆ ಇಳಿದುದನ್ನು ಕಂಡರು. ಆದರೂ ಅವರ ಕಣ್ಣು ಮೇಷ್ಟರನ್ನು ಹುಡುಕಿತು. ಬಾಯಲ್ಲಿ ಕೇಳಲಿಲ್ಲ.

“ಮಳೆಯಲ್ಲಿ ಎಲ್ಲರದ್ದೂ ನೆನೆಯಿತು, ತಾಯಿ. ಎಲ್ಲರೂ ಒಗೆದುಕೊಂಡರು” ಎಂದರು ಮೇಷ್ಟರು.

ತಾಯಿಗೆ ಅರ್ಥವಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಕೈಮುಗಿದರು.

ಆ ರಾತ್ರಿ ಮೂವತ್ತೆರಡು ಮನೆಗಳಲ್ಲಿ ಹುಡುಗರು ಮಳೆಯ ಕಥೆ ಹೇಳಿದರು. ಹುಳಿಯಲ್ಲಿ ಬಿದ್ದ ನೀರು, ಡೇರೆಯ ಐದು ಧಾರೆಗಳು, ಕೋಡುಬಳೆಯ ಊಟ, ನಲ್ಲಿಯ ಬಳಿಯ ಯುದ್ಧ, ಇವೆಲ್ಲ ಬಂದುವು. ಮಿಂಚಿಗೂ ಗುಡುಗಿಗೂ ನಡುವೆ ಒಬ್ಬರು ಎಣಿಸುತ್ತಿದ್ದರೆಂಬುದು ಯಾರ ಕಥೆಯಲ್ಲಿಯೂ ಬರಲಿಲ್ಲ. ಬರಬೇಕಾಗಿಯೂ ಇಲ್ಲ. ಮಳೆಯಲ್ಲಿನ ಸಂತೋಷವೆಲ್ಲ ಮಕ್ಕಳ ಪಾಲಿಗೆ ಬಂದು, ಭಯವೆಲ್ಲ ದೊಡ್ಡವರ ಪಾಲಿಗೆ ಉಳಿದರೆ ಶಿಬಿರವು ಸಾಂಗವಾಗಿ ನಡೆಯಿತೆಂದೇ ಅರ್ಥ.

ಮೇಷ್ಟರಿಗೆ ಮಾತ್ರ ನೆಗಡಿಯಾಯಿತು. ಅವರ ಮನೆಯಾಕೆ ಮೆಣಸಿನ ಸಾರು ಕಾಯಿಸಿ ಕೊಟ್ಟು, ಕಂಬಳಿ ಹೊದಿಸಿ, ದೀಪ ಆರಿಸಿದರು. ನಡುರಾತ್ರಿಯಲ್ಲಿ ಅವರು ಏನೋ ಗೊಣಗುತ್ತಿರುವುದು ಕೇಳಿ, “ಏನೂಂದ್ರೆ, ಏನು ಬೇಕು?” ಎಂದು ಆಕೆ ಗಾಬರಿಯಿಂದ ಎದ್ದರು. ಮೇಷ್ಟರಿಗೆ ಗಾಢವಾದ ನಿದ್ರೆ. “ಮೂವತ್ತು… ಮೂವತ್ತೊಂದು…” ಎಂದು ಒಂದು ಕ್ಷಣ ತಡೆದು, “ಮೂವತ್ತೆರಡು” ಎಂದವರು ಮಗ್ಗುಲು ಬದಲಾಯಿಸಿದರು.